ಸಾರ್ವಜನಿಕ ಮಿತವ್ಯಯ: ಕಾವೇರಿಯ ನೀರು ಕಲಿಸುವ ಲೆಕ್ಕ

ಶಿವನಸಮುದ್ರದ ಸಮೀಪದಲ್ಲಿ ಕಾವೇರಿಯಿಂದ ತೆಗೆದ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧಿಗೊಂಡು, ಹಾರೋಹಳ್ಳಿ ಮತ್ತು ತಾತಗುಣಿಗಳ ಪಂಪ್‌ಹೌಸುಗಳನ್ನು ಹಾಯ್ದು, ಮೂರು ಮಜಲುಗಳಲ್ಲಿ ಮೇಲೇರುತ್ತ, ಸುಮಾರು 100 ಕಿಲೋಮೀಟರು ದೂರವನ್ನೂ 500 ಮೀಟರಿನಷ್ಟು ಏರನ್ನೂ ದಾಟಿ ಬೆಂಗಳೂರಿನ ನಲ್ಲಿಗಳಿಗೆ ಬರುತ್ತದೆ. ಸಾವಿರ ಲೀಟರ್ ನೀರನ್ನು ಅಷ್ಟೆತ್ತರಕ್ಕೆ ಎತ್ತಬೇಕಾದರೆ, ಪಂಪು ಎಷ್ಟೇ ಉತ್ತಮವಾಗಿರಲಿ, ಸುಮಾರು 1.36 ಯೂನಿಟ್ ವಿದ್ಯುತ್ತನ್ನು ಪ್ರಕೃತಿನಿಯಮವೇ ವಸೂಲು ಮಾಡುತ್ತದೆ. ಯಂತ್ರದಲ್ಲಿಯೂ ಕೊಳವೆಯಲ್ಲಿಯೂ ಆಗುವ ನಷ್ಟ ಅದರ ಮೇಲಿನದು. ಇಷ್ಟು ಪ್ರಯಾಸದಿಂದ ಬಂದ ನೀರು ಮನೆಯನ್ನು ಸೇರುವ ಮೊದಲೇ ರಸ್ತೆಯ ಅಡಿಯಲ್ಲಿ ಎಲ್ಲಿಯೋ ಒಡೆದ ಕೊಳವೆಯಿಂದ ಮಣ್ಣಿನಲ್ಲಿ ಇಳಿದುಹೋಯಿತೆಂದರೆ, ಅದರೊಡನೆ ಅದನ್ನು ಎತ್ತಿದ ವಿದ್ಯುತ್ತು, ಶುದ್ಧಿಮಾಡಿದ ಕ್ಲೋರಿನ್ನು, ಹಗಲಿರುಳು ಕಾವಲಿದ್ದ ನೌಕರರ ಶ್ರಮ, ಯೋಜನೆಗೆಂದು ತಂದ ಸಾಲದ ಬಡ್ಡಿ, ಎಲ್ಲವೂ ಇಳಿದುಹೋದಂತೆಯೇ ಸರಿ.

ಸರಕಾರದ ಸೇವೆಗಳಲ್ಲಿ ದುಂದನ್ನು ತಡೆದು ಹಣವನ್ನು ಉಳಿಸಬೇಕೆಂಬ ಮಾತು ಬಂದೊಡನೆ, ಯಾವ ಅನುದಾನವನ್ನು ಕತ್ತರಿಸೋಣ, ಯಾವ ಹುದ್ದೆಯನ್ನು ಖಾಲಿ ಬಿಡೋಣ, ಯಾವ ಸೌಲಭ್ಯವನ್ನು ನಿಲ್ಲಿಸೋಣ ಎಂಬ ಕಡೆಗೇ ಸಾಮಾನ್ಯವಾಗಿ ಯೋಚನೆ ಹರಿಯುತ್ತದೆ. ಆದರೆ ಜನರಿಗೆ ಸಲ್ಲುತ್ತಿರುವುದನ್ನು ಕಡಿಮೆಮಾಡುವುದು ಉಳಿತಾಯವಲ್ಲ. ಅದು ಸರಕಾರದ ಹೊರೆಯನ್ನು ಬಡವನ ಹೆಗಲಿಗೆ ವರ್ಗಾಯಿಸುವುದು ಮಾತ್ರ. ಬೊಕ್ಕಸದಿಂದ ಹೊರಟ ಹಣಕ್ಕೂ ಪ್ರಜೆಯ ಕೈಗೆ ಮುಟ್ಟಿದ ಫಲಕ್ಕೂ ನಡುವೆ ಎಷ್ಟು ಕರಗಿಹೋಯಿತೆಂಬುದನ್ನು ಕಂಡುಹಿಡಿದು ಆ ಅಂತರವನ್ನು ಮುಚ್ಚುವುದೇ ನಿಜವಾದ ಮಿತವ್ಯಯ. ಈ ಕಾರ್ಯದ ಸ್ವರೂಪವನ್ನು ತಿಳಿಯಲು ಕಾವೇರಿಯ ಕೊಳವೆಗಿಂತ ಉತ್ತಮವಾದ ಉದಾಹರಣೆ ನಮ್ಮಲ್ಲಿ ವಿರಳ.

ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಸ್ಥಾಪಿತವಾದುದು 1964ರಲ್ಲಿ. ಕಾವೇರಿ ಯೋಜನೆಯ ಮೊದಲ ಹಂತ 1974ರಲ್ಲಿ ನಗರಕ್ಕೆ ದಿನಕ್ಕೆ 13.5 ಕೋಟಿ ಲೀಟರ್ ನೀರನ್ನು ತಂದಿತು. ನಾಲ್ಕನೆಯ ಹಂತ ಮುಗಿಯುವ ಹೊತ್ತಿಗೆ, 2012ರ ವೇಳೆಗೆ, ಅದು ಸುಮಾರು 145 ಕೋಟಿ ಲೀಟರಿಗೆ ಏರಿದ್ದಿತು. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಗೊಂಡ ಐದನೆಯ ಹಂತ ಇನ್ನೂ 77.5 ಕೋಟಿ ಲೀಟರನ್ನು ಸೇರಿಸುವುದಕ್ಕಾಗಿ ರಚಿತವಾದುದು. ಒಂದೊಂದು ಹಂತವೂ ಬಹುವೆಚ್ಚದ ಕಾರ್ಯ. ಹೀಗಿದ್ದರೂ, ನಗರಕ್ಕೆ ಬಂದ ನೀರೆಲ್ಲ ಬಿಲ್ಲಿನ ಲೆಕ್ಕಕ್ಕೆ ಬರುತ್ತಿರಲಿಲ್ಲ. ಒಂದು ಕಾಲದಲ್ಲಿ ಪಂಪ್ ಮಾಡಿದ ನೀರಿನ ಐದರಲ್ಲಿ ಎರಡು ಪಾಲಿಗೂ ಮಿಕ್ಕಿ ಹೀಗೆ ಲೆಕ್ಕಕ್ಕೆ ಸಿಗದೆ ಹೋಗುತ್ತಿದ್ದಿತು. ವರ್ಷಗಟ್ಟಲೆ ನಡೆದ ದುರಸ್ತಿಯ ತರುವಾಯ ಅದೀಗ ಮೂರರಲ್ಲೊಂದು ಪಾಲಿಗಿಂತ ಕೆಳಗೆ ಬಂದಿದೆಯೆಂದು ಮಂಡಳಿಯ ಲೆಕ್ಕ. ಇಳಿದುದು ಸಂತೋಷದ ಸಂಗತಿ. ಉಳಿದುದು ಚಿಂತೆಯ ಸಂಗತಿ. ಏಕೆಂದರೆ ದಿನವೊಂದಕ್ಕೆ ಕೇವಲ ಹತ್ತು ಕೋಟಿ ಲೀಟರ್ ಮಣ್ಣುಪಾಲಾಯಿತೆಂದು ಇಟ್ಟುಕೊಂಡರೂ, ಅದನ್ನು ಎತ್ತಿದ ವಿದ್ಯುತ್ತೇ ವರ್ಷಕ್ಕೆ ಐದು ಕೋಟಿ ಯೂನಿಟ್ಟಿನ ಸಮೀಪವಾಗುತ್ತದೆ.

ಈ ನಷ್ಟ ಎರಡು ಬಗೆಯದು. ಎರಡನ್ನೂ ಬೇರೆಬೇರೆಯಾಗಿ ಕಾಣದಿದ್ದರೆ ಚಿಕಿತ್ಸೆ ತಪ್ಪುತ್ತದೆ. ಮೊದಲನೆಯದು, ನೀರೇ ಮಾಯವಾಗುವುದು: ದಶಕಗಳ ಹಿಂದೆ ಹೂತ ಬೀಡುಕಬ್ಬಿಣದ ಕೊಳವೆಗಳ ಕೀಲುಗಳಿಂದ, ತುಂಬಿ ಹೊರಚೆಲ್ಲುವ ತೊಟ್ಟಿಗಳಿಂದ, ಎಲ್ಲಕ್ಕಿಂತ ಹೆಚ್ಚಾಗಿ ಬೀದಿಯ ಕೊಳವೆಯಿಂದ ಮನೆಗೆ ತಿರುಗುವ ಸಣ್ಣ ಸಂಪರ್ಕಗಳಿಂದ ಸೋರಿಹೋಗುವ ನೀರು. ಎರಡನೆಯದರಲ್ಲಿ ನೀರು ಯಾರದೋ ಮನೆಯನ್ನು ಸೇರಿರುತ್ತದೆ, ಹಣ ಮಾತ್ರ ಮಂಡಳಿಯನ್ನು ಸೇರಿರುವುದಿಲ್ಲ: ಅನಧಿಕೃತ ಸಂಪರ್ಕ, ಹಳತಾಗಿ ನಿಧಾನವಾಗಿ ತಿರುಗುವ ಮೀಟರು, ತಪ್ಪಾಗಿ ಬರೆದ ರೀಡಿಂಗು ಇವು ಅದರ ಕಾರಣಗಳು. ಮೊದಲನೆಯದಕ್ಕೆ ಬೇಕಾದುದು ಅಗೆತ ಮತ್ತು ಬೆಸುಗೆ. ಎರಡನೆಯದಕ್ಕೆ ಬೇಕಾದುದು ದಫ್ತರದ ಶುದ್ಧಿ.

ಸೋರಿಕೆಯನ್ನು ಪತ್ತೆಹಚ್ಚುವ ವಿಧಾನ ಸಾಮಾನ್ಯ ಓದುಗನೂ ತಿಳಿಯತಕ್ಕಂಥದು. ಬಡಾವಣೆಯ ಕೊಳವೆಜಾಲವನ್ನು ಸಣ್ಣ ಸಣ್ಣ ವಲಯಗಳಾಗಿ ವಿಂಗಡಿಸಿ, ಪ್ರತಿಯೊಂದು ವಲಯಕ್ಕೂ ನೀರು ಒಂದೇ ಬಾಗಿಲಿನಿಂದ ಬರುವಂತೆ ಮಾಡಿ, ಆ ಬಾಗಿಲಿನಲ್ಲಿ ಒಂದು ದೊಡ್ಡ ಮೀಟರನ್ನು ಇಡುತ್ತಾರೆ. ರಾತ್ರಿ ಎರಡರಿಂದ ನಾಲ್ಕು ಗಂಟೆಯವರೆಗೆ ಊರು ನಿದ್ರಿಸುತ್ತಿರುವಾಗ, ಮನೆಮನೆಯ ಸಂಪುಗಳೂ ತುಂಬಿ ನಿಂತಿರುವಾಗ, ಆ ಮೀಟರು ಬಹುಮಟ್ಟಿಗೆ ನಿಶ್ಚಲವಾಗಿರಬೇಕು. ಆಗಲೂ ಅದು ಓಡುತ್ತಿದ್ದರೆ, ಓಡುತ್ತಿರುವ ನೀರಿನ ಹೆಚ್ಚು ಪಾಲು ಸೋರಿಕೆಯದೇ. ಅನಂತರ ವಾಲ್ವ್‌ಮನ್ ಒಂದೊಂದಾಗಿ ಬೀದಿಯ ವಾಲ್ವುಗಳನ್ನು ಮುಚ್ಚುತ್ತ ಬರುತ್ತಾನೆ. ಯಾವ ಬೀದಿಯನ್ನು ಮುಚ್ಚಿದಾಗ ಮೀಟರಿನ ವೇಗ ಥಟ್ಟನೆ ತಗ್ಗಿತೋ ದೋಷವಿರುವುದು ಆ ಬೀದಿಯಲ್ಲಿ. ಆ ಬೀದಿಯಲ್ಲಿ ಮತ್ತೊಬ್ಬ ಕೆಲಸಗಾರನು ಉದ್ದನೆಯ ಲೋಹದ ಕೋಲೊಂದನ್ನು ವಾಲ್ವಿನ ಮೇಲೂ ಮನೆಗಳ ಸಂಪರ್ಕದ ಕೊಳವೆಗಳ ಮೇಲೂ ಊರಿ, ಅದರ ಇನ್ನೊಂದು ತುದಿಗೆ ಕಿವಿಯಾನಿಸಿ ಆಲಿಸುತ್ತಾನೆ. ಒತ್ತಡದಿಂದ ಚಿಮ್ಮುವ ನೀರಿನ ಸರಭರ ಸದ್ದು ಎಲ್ಲಿ ಹೆಚ್ಚೋ ಅಲ್ಲಿಯೇ ಗುದ್ದಲಿ ಬೀಳತಕ್ಕದ್ದು. ವಾಹನಗಳ ಗದ್ದಲವಿಲ್ಲದ ನಡುರಾತ್ರಿಯಲ್ಲಿ ಮಾತ್ರ ಸಾಧ್ಯವಾಗುವ ಈ ಕೆಲಸಕ್ಕೆ ಈಗ ವಿದ್ಯುನ್ಮಾನ ಉಪಕರಣಗಳೂ ಬಂದಿವೆಯಾದರೂ, ಅನುಭವವುಳ್ಳ ಕಿವಿಯ ಬೆಲೆ ಇನ್ನೂ ಕುಂದಿಲ್ಲ.

ಅಂತಹ ಒಂದು ತೂತನ್ನು ಮುಚ್ಚಿದರೆ ಎಷ್ಟು ಉಳಿದೀತು? ಐದು ಮಿಲಿಮೀಟರ್ ವ್ಯಾಸದ ತೂತು, ಕೊಳವೆಯಲ್ಲಿ ಇಪ್ಪತ್ತು ಮೀಟರ್ ಎತ್ತರದ ನೀರಿನ ಒತ್ತಡ ಸದಾ ಇದ್ದರೆ, ಇಪ್ಪತ್ತನಾಲ್ಕು ಗಂಟೆಗಳಲ್ಲಿ ಸುಮಾರು 20,000 ಲೀಟರನ್ನು ಕಳೆಯುತ್ತದೆ. ನಗರವಾಸಿಯೊಬ್ಬನಿಗೆ ದಿನಕ್ಕೆ 135 ಲೀಟರ್ ಬೇಕೆಂಬ ಅಂಗೀಕೃತ ಪ್ರಮಾಣವನ್ನು ಹಿಡಿದು ಎಣಿಸಿದರೆ, ಐದೈದು ಜನರಿರುವ ಸುಮಾರು 30 ಸಂಸಾರಗಳ ನೀರು ಅದು. 2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರಿನ ಮುಂದೆ ಬೆಂಗಳೂರಿನ ಎಷ್ಟೋ ಬಡಾವಣೆಗಳು ಕೊಡ ಹಿಡಿದು ನಿಂತುದನ್ನು ಕಂಡವರು ಈ ಲೆಕ್ಕವನ್ನು ಹಗುರವಾಗಿ ಎಣಿಸಲಾರರು.

ಬೆಂಗಳೂರಿನಾಚೆ ಉತ್ತರ ಕರ್ನಾಟಕದಲ್ಲಿ ನಡೆದ ಪ್ರಯೋಗವೊಂದು ಈ ವಿಚಾರಕ್ಕೆ ಇನ್ನೊಂದು ಮುಖವನ್ನು ತೋರಿಸಿತು. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ ನಗರಗಳಲ್ಲಿ ಕೆಲವು ದಿನಗಳಿಗೊಮ್ಮೆ ಕೆಲವು ಗಂಟೆ ಮಾತ್ರ ನೀರು ಬಿಡುವ ಪದ್ಧತಿಯಿದ್ದ ಕಾಲದಲ್ಲಿ, ವಿಶ್ವಬ್ಯಾಂಕಿನ ನೆರವಿನಿಂದ ಆಯ್ದ ವಾರ್ಡುಗಳಲ್ಲಿ ಕೊಳವೆಜಾಲವನ್ನು ಹೊಸದಾಗಿ ಹಾಕಿ, ಮನೆಮನೆಗೆ ಮೀಟರನ್ನು ಜೋಡಿಸಿ, 2008ರ ವೇಳೆಗೆ ದಿನದ ಇಪ್ಪತ್ತನಾಲ್ಕು ಗಂಟೆಯೂ ನೀರು ಕೊಡಲಾಯಿತು. ಸದಾ ನಲ್ಲಿಯಲ್ಲಿ ನೀರಿದ್ದರೆ ಜನ ದುಂದು ಮಾಡುವರೆಂದು ಮೇಲುನೋಟಕ್ಕೆ ತೋರುವುದು ಸಹಜ. ಆದರೆ ದುಂದಿಗೆ ಕಾರಣ ಜನರ ಸ್ವಭಾವಕ್ಕಿಂತ ಹೆಚ್ಚಾಗಿ ಸರಬರಾಜಿನ ಅನಿಶ್ಚಯವೇ. ಮತ್ತೆ ಎಂದು ನೀರು ಬಂದೀತೋ ಎಂಬ ಶಂಕೆಯಿಂದ ಗೃಹಿಣಿ ಹಂಡೆ, ಡ್ರಮ್ಮು, ಬಕೆಟ್ಟುಗಳನ್ನೆಲ್ಲ ತುಂಬಿಡುತ್ತಾಳೆ. ಹೊಸ ನೀರು ಬಂದ ದಿನ ಉಳಿದ ಹಳೆಯ ನೀರನ್ನು ಚರಂಡಿಗೆ ಚೆಲ್ಲಿ ಮತ್ತೆ ತುಂಬುತ್ತಾಳೆ. ನೀರು ಬಾರದ ವೇಳೆಯಲ್ಲಿ ತೆರೆದೇ ಉಳಿದ ನಲ್ಲಿ, ಬಂದ ವೇಳೆಯಲ್ಲಿ ತಾನಾಗಿ ಹರಿಯುತ್ತದೆ. ಇದಕ್ಕಿಂತಲೂ ಗುರುತರವಾದ ದೋಷವೆಂದರೆ, ಕೊಳವೆ ಬರಿದಾಗಿ ಒತ್ತಡ ಇಲ್ಲದಿರುವಾಗ, ನೀರು ಹೊರಹೋದ ಬಿರುಕಿನಿಂದಲೇ ಸುತ್ತಣ ಕೊಳೆ ಒಳಕ್ಕೆ ನುಗ್ಗುವುದು. ಹುಬ್ಬಳ್ಳಿ-ಧಾರವಾಡದ ಎರಡು ಬಗೆಯ ವಾರ್ಡುಗಳಿಂದಲೂ ನೀರಿನ ಮಾದರಿ ತೆಗೆದು ಹೋಲಿಸಿದ ಸಂಶೋಧಕರು, ಬಿಟ್ಟುಬಿಟ್ಟು ನೀರು ಬರುವ ಕಡೆ ಮಾಲಿನ್ಯವನ್ನು ಸೂಚಿಸುವ ಸೂಕ್ಷ್ಮಜೀವಿಗಳು ಹೆಚ್ಚಾಗಿರುವುದನ್ನು ಕಂಡರು. ಹೀಗೆ ಬಿರುಕನ್ನು ಮುಚ್ಚಿದ ಹಣ ನೀರನ್ನಷ್ಟೇ ಅಲ್ಲದೆ ಮಕ್ಕಳ ಆರೋಗ್ಯವನ್ನೂ ಉಳಿಸುತ್ತದೆ. ಈ ಎರಡನೆಯ ಉಳಿತಾಯ ನೀರಿನ ಇಲಾಖೆಯ ಲೆಕ್ಕದಲ್ಲಿ ಎಂದೂ ಕಾಣಿಸುವುದಿಲ್ಲ.

ಇರುವುದರಿಂದಲೇ ಹೆಚ್ಚು ಪ್ರಯೋಜನ ಪಡೆಯುವ ಈ ಬುದ್ಧಿ ನಮ್ಮ ನಾಡಿಗೆ ಹೊಸತಲ್ಲ. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಮುಂಬಯಿ ಪ್ರಾಂತದ ಸೇವೆಯಲ್ಲಿದ್ದಾಗ ರೂಪಿಸಿದ ಸ್ವಯಂಚಾಲಿತ ಬಾಗಿಲುಗಳು 1903ರಲ್ಲಿ ಪುಣೆಯ ಬಳಿಯ ಖಡಕ್‌ವಾಸಲಾ ಜಲಾಶಯದಲ್ಲಿ ಸ್ಥಾಪಿತವಾದವು. ನೆರೆ ಏರಿ ನಿಗದಿಯಾದ ಮಟ್ಟವನ್ನು ಮುಟ್ಟಿದಾಗ ತಾವಾಗಿ ತೆರೆದು, ಇಳಿದಾಗ ತಾವಾಗಿ ಮುಚ್ಚಿಕೊಳ್ಳುವ ಆ ಬಾಗಿಲುಗಳಿಂದ, ಅಣೆಕಟ್ಟನ್ನು ಎತ್ತರಿಸದೆಯೇ ಹೆಚ್ಚು ನೀರನ್ನು ನಿಲ್ಲಿಸುವುದು ಶಕ್ಯವಾಯಿತು. ಹೊಸದನ್ನು ಕಟ್ಟುವ ಮೊದಲು ಹಳೆಯದರ ಸಾಮರ್ಥ್ಯವನ್ನು ಪೂರ್ತಿಯಾಗಿ ಬಳಸಿಕೊಂಡಿದ್ದೇವೆಯೇ ಎಂದು ಕೇಳಿಕೊಳ್ಳುವ ಶಿಸ್ತು ಅದು.

ಕೊಳ್ಳುವ ಕ್ರಮದಲ್ಲಿಯೂ ಇಂತಹುದೇ ಉಳಿತಾಯಕ್ಕೆ ಎಡೆಯುಂಟು. ಒಂದೊಂದು ಇಲಾಖೆಯೂ ತನಗೆ ಬೇಕಾದಷ್ಟನ್ನು ತಾನೇ ಚಿಲ್ಲರೆಯಾಗಿ ಕೊಂಡರೆ ಮಾರುವವನ ಮಾತೇ ಮೇಲಾಗುತ್ತದೆ. ಬೇಡಿಕೆಯನ್ನೆಲ್ಲ ಒಟ್ಟುಗೂಡಿಸಿ ಬಹಿರಂಗ ಟೆಂಡರಿಗೆ ಇಟ್ಟರೆ ಕೊಳ್ಳುವವನ ಮಾತು ಮೇಲಾಗುತ್ತದೆ. ಎಲ್‌ಇಡಿ ಬಲ್ಬುಗಳನ್ನು ಕೇಂದ್ರ ಸರಕಾರದ ಸಂಸ್ಥೆಯೊಂದು ಈ ರೀತಿಯಲ್ಲಿ ಸಗಟಾಗಿ ಕೊಳ್ಳಲು ತೊಡಗಿದಾಗ, 2014ರ ಆರಂಭದಲ್ಲಿ ಒಂದಕ್ಕೆ 310 ರೂಪಾಯಿ ಇದ್ದ ಖರೀದಿ ಬೆಲೆ ಮೂರು-ನಾಲ್ಕು ವರ್ಷಗಳಲ್ಲಿ 40 ರೂಪಾಯಿಗಿಂತ ಕೆಳಕ್ಕೆ ಇಳಿಯಿತು. ತಯಾರಿಕೆಯ ವೆಚ್ಚ ತಗ್ಗಿದುದೂ ಇದಕ್ಕೆ ಕಾರಣವೇ. ಆದರೆ ಅಷ್ಟು ದೊಡ್ಡ ನಿಶ್ಚಿತ ಬೇಡಿಕೆಯನ್ನು ಕಂಡಲ್ಲದೆ ತಯಾರಕರು ಅಂತಹ ಬೆಲೆಗೆ ಒಡಂಬಡುತ್ತಿರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆಯೂ ಅವಶ್ಯ. ಉಳಿತಾಯದ ವೇಷ ಧರಿಸಿ ಬರುವ ನಷ್ಟಗಳು ಹಲವು. ದುರಸ್ತಿಯ ಹಣವನ್ನು ಈ ವರ್ಷಕ್ಕೆ ತಡೆಹಿಡಿಯುವುದು ಅವುಗಳಲ್ಲಿ ಅತ್ಯಂತ ಸುಲಭವಾದುದು, ಅತ್ಯಂತ ದುಬಾರಿಯಾದುದೂ ಅದೇ. ಹಳ್ಳಿಯ ಬೋರ್‌ವೆಲ್ಲಿನ ಮೋಟರು ಸುಟ್ಟಾಗಲೆಲ್ಲ ರಿವೈಂಡಿಂಗ್ ಮಾಡಿಸಿ ಮತ್ತೆ ಇಳಿಸಿದರೆ ಹೊಸ ಮೋಟರಿನ ಬೆಲೆ ಆ ಹೊತ್ತಿಗೆ ಉಳಿದಂತೆ ಕಾಣುತ್ತದೆ. ಆದರೆ ಕಳಪೆಯಾಗಿ ಸುತ್ತಿದ ಮೋಟರು ಅಷ್ಟೇ ನೀರಿಗೆ ಹೆಚ್ಚು ವಿದ್ಯುತ್ತನ್ನು ತಿಂದು, ಮತ್ತೊಮ್ಮೆ ಸುಟ್ಟು, ಊರಿಗೆ ನೀರು ತಪ್ಪಿಸಿದ ವೆಚ್ಚ ಯಾವ ಪುಸ್ತಕದಲ್ಲಿಯೂ ದಾಖಲಾಗುವುದಿಲ್ಲ. ಮಾರ್ಚ್ ಕೊನೆಯ ಅವಸರವೂ ಇದೇ ಜಾತಿಯದು. ಮಾರ್ಚ್ 31ರೊಳಗೆ ಖರ್ಚಾಗದ ಅನುದಾನ ವಾಪಸಾಗುವುದೆಂಬ ಭಯದಿಂದ, ವರ್ಷವೆಲ್ಲ ಮಲಗಿದ್ದ ಕಾಮಗಾರಿಗಳು ಒಮ್ಮೆಲೆ ಎದ್ದು, ಬೇಕಾದುದನ್ನು ಬಿಟ್ಟು ಬೇಗ ಬಿಲ್ಲಾಗುವುದನ್ನು ಮಾಡುವತ್ತ ಕಚೇರಿಯ ಗಮನ ತಿರುಗುತ್ತದೆ. ಹಣ ಉಳಿಸಿದ ಇಲಾಖೆಗೆ ಮುಂದಿನ ವರ್ಷದ ಅನುದಾನ ಕಡಿತವೇ ಬಹುಮಾನವಾದರೆ, ಯಾವ ಅಧಿಕಾರಿಗೆ ಉಳಿಸುವ ಉತ್ಸಾಹ ಹುಟ್ಟೀತು? ಉಳಿಸಿದುದರಲ್ಲಿ ಒಂದು ಭಾಗವನ್ನಾದರೂ ಅದೇ ಕಚೇರಿಯ ದುರಸ್ತಿಗೂ ಸಲಕರಣೆಗೂ ಬಿಟ್ಟುಕೊಡುವುದು ನ್ಯಾಯವೂ ಹೌದು, ಜಾಣತನವೂ ಹೌದು.

ಮೀಟರು ನೀರನ್ನು ಅಳೆಯುತ್ತದೆ. ಕಾಮಗಾರಿಯನ್ನು ಅಳೆಯುವವರು ಯಾರು? ರಾಜಸ್ಥಾನದ ಬಡ ಹಳ್ಳಿಗಳಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1994ರಿಂದ ನಡೆಸಿದ ಜನಸುನವಾಯಿಗಳು, ಎಂದರೆ ಬಹಿರಂಗ ವಿಚಾರಣೆಯ ಸಭೆಗಳು, ಇದಕ್ಕೆ ಉತ್ತರವಿತ್ತವು. ಬರ ಪರಿಹಾರದ ಕೆಲಸಗಳ ಹಾಜರಿಪಟ್ಟಿಯನ್ನೂ ಬಿಲ್ಲುಗಳನ್ನೂ ಊರ ನಡುವೆ ಗಟ್ಟಿಯಾಗಿ ಓದಿದಾಗ, ಕೆಲಸಕ್ಕೇ ಬಾರದವರ ಹೆಸರುಗಳೂ ಎಂದೂ ಆಗದ ಕಟ್ಟಡಗಳೂ ಹೊರಬಿದ್ದವು. ಆ ಹೋರಾಟ 2005ರ ಮಾಹಿತಿ ಹಕ್ಕು ಕಾಯಿದೆಗೆ ದಾರಿಮಾಡಿತು; ಉದ್ಯೋಗ ಖಾತರಿ ಯೋಜನೆಯ ಸಾಮಾಜಿಕ ಲೆಕ್ಕಪರಿಶೋಧನೆಗೂ ಅದೇ ಮೂಲ. ನಮ್ಮ ಕರ್ನಾಟಕದ ಗ್ರಾಮ ಪಂಚಾಯತಿಗಳಲ್ಲಿ ವರ್ಷಕ್ಕೊಮ್ಮೆ ಜಮಾಬಂದಿ ನಡೆಯಬೇಕೆಂಬ ನಿಯಮವುಂಟು. ಕಳೆದ ವರ್ಷದ ಜಮಾ-ಖರ್ಚುಗಳೂ ಕೈಗೊಂಡ ಕಾಮಗಾರಿಗಳ ವಿವರಗಳೂ ಅಲ್ಲಿ ಜನರೆದುರು ತೆರೆದಿರಬೇಕು. ಚರಂಡಿ, ರಸ್ತೆ, ತೊಟ್ಟಿಗಳನ್ನು ಸ್ಥಳದಲ್ಲಿಯೇ ಕಂಡು ಪರಿಶೀಲಿಸಬೇಕು. ಅಳತೆಯ ಪುಸ್ತಕದಲ್ಲಿ ನೂರು ಮೀಟರೆಂದು ಬರೆದ ಚರಂಡಿ ನೆಲದ ಮೇಲೆ ಎಷ್ಟಿದೆಯೆಂದು ನೋಡಲು ಒಂದು ಟೇಪು ಸಾಕು. ಆ ಟೇಪನ್ನು ಹಿಡಿಯಲು ಊರಿನವರು ಇಬ್ಬರು ಬೇಕು. ಜನರಿಲ್ಲದ ಜಮಾಬಂದಿ ಸಹಿಗಳ ಸಮಾರಂಭವಾಗಿ ಮುಗಿಯುತ್ತದೆ.

ಸರಕಾರದ ಹಣವೆಂಬುದು ಬೇರೆಯಾಗಿ ಎಲ್ಲಿಯೂ ಇಲ್ಲ. ಬೆಂಕಿಪೊಟ್ಟಣ ಕೊಂಡ ಕೂಲಿಯವನ ತೆರಿಗೆಯೂ ಅದರಲ್ಲಿದೆ. ಆದುದರಿಂದ ಅದು ಸೋರುವ ಕಡೆ ಕಣ್ಣಿಡುವುದು ಅಧಿಕಾರಿಗಳ ಕರ್ತವ್ಯವಾಗಿರುವಷ್ಟೇ ನಮ್ಮ ಕರ್ತವ್ಯವೂ ಆಗಿದೆ. ಬೀದಿಯಲ್ಲಿ ಕೊಳವೆ ಒಡೆದುದನ್ನು ಕಂಡಾಗ ಜಲಮಂಡಳಿಗೆ ಅಂದೇ ತಿಳಿಸಿರಿ. ಹಗಲು ಉರಿಯುವ ಬೀದಿದೀಪವನ್ನು ಕಂಡಾಗ ಪಂಚಾಯತಿಗೆ ಹೇಳಿರಿ. ನಿಮ್ಮ ಮನೆಯ ಮೀಟರು ನಿಂತಿದ್ದರೆ ಅದನ್ನು ಲಾಭವೆಂದು ಬಗೆಯದೆ ಬದಲಿಸಲು ಅರ್ಜಿ ಕೊಡಿರಿ. ನಿಮ್ಮ ಊರಿನ ಜಮಾಬಂದಿಯ ದಿನ ಯಾವುದೆಂದು ವಿಚಾರಿಸಿ, ಆ ದಿನ ತಪ್ಪದೆ ಹೋಗಿ ಕುಳಿತು, ತಿಳಿಯದ ಬಾಬ್ತನ್ನು ಎದ್ದುನಿಂತು ಕೇಳಿರಿ.