ಕನ್ನಡಿಯಲ್ಲಿ ಕಂಡ ಭಯ

ಕೋಲಾರದ ಕೋಲಾರಮ್ಮನ ಗುಡಿಯಲ್ಲಿ ಭಕ್ತರು ಅಮ್ಮನನ್ನು ನೇರವಾಗಿ ನೋಡುವುದಿಲ್ಲ. ಎದುರಿಗಿರುವ ಕನ್ನಡಿಯಲ್ಲಿ ಮೂಡುವ ಬಿಂಬಕ್ಕೆ ಕೈಮುಗಿಯುತ್ತಾರೆ. ಅಮ್ಮ ಉಗ್ರರೂಪಿಣಿ, ಆ ದೃಷ್ಟಿಯನ್ನು ತಾಳಿಕೊಳ್ಳುವುದು ಮನುಷ್ಯರ ಕೈಲಾಗದು ಎಂಬುದು ಈ ವಾಡಿಕೆಯ ಹಿಂದಿನ ನಂಬಿಕೆ. ಅದೇ ಗುಡಿಯಲ್ಲಿ ಚೇಳಮ್ಮನೂ ಇದ್ದಾಳೆ. ನೆಲದೊಳಗಿನ ಹುಂಡಿಗೆ ಕಾಣಿಕೆ ಹಾಕಿ ಆಕೆಗೆ ಕೈಮುಗಿದವರನ್ನು ಚೇಳು ಕಾಡುವುದಿಲ್ಲ ಎನ್ನುತ್ತಾರೆ. ಚೋಳರ ಕಾಲದ ಶಾಸನಗಳಿರುವ ಈ ಗುಡಿಯಲ್ಲಿ ಭಯಕ್ಕೊಂದು ಜಾಗವಿದೆ, ಒಂದು ರೂಪವಿದೆ, ಅದನ್ನು ನೋಡುವ ಒಂದು ಕ್ರಮವೂ ಇದೆ. ಭಯವನ್ನು ಇಲ್ಲವೆಂದು ತಳ್ಳಿಹಾಕಿಲ್ಲ, ಅದಕ್ಕೆ ಮನೆಯ ಯಜಮಾನಿಕೆಯನ್ನೂ ಒಪ್ಪಿಸಿಲ್ಲ. ಒಳ್ಳೆಯ ಭಯಾನಕ ಕಾದಂಬರಿ ಮಾಡುವುದು ಇದೇ ಕೆಲಸವನ್ನು. ನೇರವಾಗಿ ನೋಡಲಾಗದ್ದನ್ನು ಕಥೆಯ ಕನ್ನಡಿಯಲ್ಲಿ ಹಿಡಿದು, ಇದು ಏನು, ಎಲ್ಲಿಂದ ಬಂತು, ಯಾರಿಗೆ ಲಾಭ ಎಂದು ಕೇಳುವ ಅವಕಾಶವನ್ನು ಓದುಗರಿಗೆ ಕೊಡುತ್ತದೆ. ಈ ಮಾತಿಗೆ ನಮ್ಮ ಗಡಿಸೀಮೆಯಲ್ಲಿ ಸಿಗುವ ಅತ್ಯುತ್ತಮ ಸಾಕ್ಷಿ ತೆಲುಗು ಕಾದಂಬರಿಕಾರ ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’.

ಯಂಡಮೂರಿ ಗೋದಾವರಿ ಸೀಮೆಯವರು, ಹುಟ್ಟಿದ್ದು 1948ರ ನವೆಂಬರ್ 14ರಂದು. ಓದಿದ್ದು ಚಾರ್ಟರ್ಡ್ ಅಕೌಂಟೆನ್ಸಿ, ದುಡಿದದ್ದು ಹಣಕಾಸು ಸಂಸ್ಥೆ ಮತ್ತು ಬ್ಯಾಂಕಿನಲ್ಲಿ, ಮೊದಮೊದಲು ಬರೆದದ್ದು ನಾಟಕ. 1980ರ ಆಸುಪಾಸಿನಲ್ಲಿ ‘ಆಂಧ್ರಭೂಮಿ’ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ‘ತುಳಸಿದಳಂ’ ಅವರನ್ನು ಮನೆಮಾತಾಗಿಸಿತು. ವಂಶಿ, ರಾಜಾ ಚೆಂಡೂರ್ ಮುಂತಾದ ಅನುವಾದಕರ ಮೂಲಕ ಅವರ ಕಾದಂಬರಿಗಳು ಒಂದಾದ ಮೇಲೊಂದರಂತೆ ಕನ್ನಡಕ್ಕೆ ಬಂದವು. ಕೋಲಾರಕ್ಕೂ ಈ ಕಥೆಗೂ ಇನ್ನೊಂದು ನೇರ ನಂಟಿದೆ. 1985ರಲ್ಲಿ ‘ತುಳಸಿದಳ’ವನ್ನು ಕನ್ನಡ ಚಲನಚಿತ್ರವಾಗಿಸಿದವರು ವೇಮಗಲ್ ಜಗನ್ನಾಥರಾವ್. ಕೋಲಾರ ತಾಲ್ಲೂಕಿನ ವೇಮಗಲ್ ಅವರ ಹೆಸರಿನಲ್ಲೇ ಇದೆ. ಮುಖ್ಯ ಪಾತ್ರದಲ್ಲಿದ್ದವರು ತೆಲುಗು ಪ್ರೇಕ್ಷಕರಿಗೂ ಅಷ್ಟೇ ಪರಿಚಿತರಾಗಿದ್ದ ಶರತ್‌ಬಾಬು. ತೆಲುಗಿನ ಕಥೆಯೊಂದು ಕನ್ನಡದ ತೆರೆಗೆ ಬರುವಾಗ ಕೋಲಾರದ ಹೆಸರು ಹೊತ್ತ ಕೈಗಳಲ್ಲಿ ಹಾದು ಬಂದದ್ದು ಆಕಸ್ಮಿಕವೆನಿಸುವುದಿಲ್ಲ. ಎರಡು ಭಾಷೆಗಳ ನಡುವೆ ಬದುಕುವ ಸೀಮೆಗೆ ಇಂಥ ಹಾದಿ ಹೊಸದಲ್ಲ.

ಕಥೆಯನ್ನು ಹತ್ತಿರದಿಂದ ನೋಡಿದರೆ ಲೆಕ್ಕಿಗನ ಕೈ ಎದ್ದು ಕಾಣುತ್ತದೆ. ಶ್ರೀಧರ, ಶಾರದೆ ಎಂಬ ಮಧ್ಯಮವರ್ಗದ ದಂಪತಿಗೆ ತುಳಸಿ ಎಂಬ ಮಗಳು. ಆ ಮಗುವಿನ ಹೆಸರಿಗೆ ಆಸ್ತಿಯೊಂದು ಬರುತ್ತದೆ, ಜೊತೆಗೊಂದು ಷರತ್ತು: ಗೊತ್ತಾದ ವಯಸ್ಸು ಮುಟ್ಟಿದರೆ ಅದು ಅವಳದು, ಅಷ್ಟರೊಳಗೆ ತೀರಿಕೊಂಡರೆ ಬೇರೆಯವರ ಪಾಲು. ದುರಾಸೆಗೆ ಅಷ್ಟು ಸಾಕು. ಕಾದ್ರ ಎಂಬ ಮಾಂತ್ರಿಕನ ಕೈಯಲ್ಲಿ ಮಗುವಿನ ಮೇಲೆ ‘ಕಾಷ್ಮೋರ’ ಎಂಬ ಮಾಟದ ಪ್ರಯೋಗವಾಗುತ್ತದೆ, ಸಾವಿಗೆ ದಿನ ಗೊತ್ತಾಗುತ್ತದೆ. ಒಂದು ಕಡೆ ವೈದ್ಯರು, ಸಂಮೋಹನ ಬಲ್ಲವರು ಮಗುವಿನ ನರಳಾಟಕ್ಕೆ ಶರೀರ ಮತ್ತು ಮನಸ್ಸಿನಲ್ಲಿ ಕಾರಣ ಹುಡುಕುತ್ತಾರೆ. ಇನ್ನೊಂದು ಕಡೆ ಮಾಟಕ್ಕೆ ಪ್ರತಿಮಾಟದ ಹಾದಿ ಹುಡುಕುವವರಿದ್ದಾರೆ. ಎರಡೂ ಪ್ರಯತ್ನಗಳು ಒಟ್ಟೊಟ್ಟಿಗೆ ಸಾಗುತ್ತವೆ. ಯಾವುದು ನಿಜವಾದ ಕಾರಣವೆಂದು ಲೇಖಕರು ಷರಾ ಬರೆಯುವುದಿಲ್ಲ, ತೀರ್ಮಾನವನ್ನು ಓದುಗರಿಗೇ ಬಿಡುತ್ತಾರೆ. ಮಾಟ ಉಂಟೋ ಇಲ್ಲವೋ ಎಂಬುದು ಸಂಶಯದಲ್ಲಿದ್ದರೂ ಮಾಟ ಮಾಡಿಸಿದವರ ದುರಾಸೆಯ ಬಗ್ಗೆ ಮಾತ್ರ ಯಾವ ಸಂಶಯವೂ ಉಳಿಯುವುದಿಲ್ಲ. ದೆವ್ವ ಬಂದದ್ದು ಸುಡುಗಾಡಿನಿಂದಲ್ಲ, ಆಸ್ತಿಪತ್ರದ ಒಂದು ಸಾಲಿನಿಂದ. ಅಂಗಳದ ಕಟ್ಟೆಯಲ್ಲಿ ದಿನವೂ ನೀರೆರೆದು ಪೂಜಿಸುವ ಗಿಡದ ಹೆಸರನ್ನೇ ಮಗುವಿಗಿಟ್ಟದ್ದರಿಂದ ಭಯ ನಮ್ಮ ಮನೆಯ ಹೊಸಿಲಿಗೇ ಬಂದು ನಿಲ್ಲುತ್ತದೆ.

ಇಂಥ ಇಬ್ಬಗೆಯ ಕಥೆಯನ್ನು ಓದುವ ಅಭ್ಯಾಸ ಈ ಸೀಮೆಯ ಜನಕ್ಕೆ ಮೊದಲೇ ಇತ್ತು. ಮುಳಬಾಗಿಲು, ಶ್ರೀನಿವಾಸಪುರದ ಎಷ್ಟೋ ಮನೆಗಳಲ್ಲಿ ಆಡುವುದು ತೆಲುಗು, ಶಾಲೆಯಲ್ಲಿ ಓದುವುದು ಕನ್ನಡ. ಮಾಲೂರಿನ ಕಡೆ ಹೋದರೆ ತಮಿಳೂ ಕಿವಿಗೆ ಬೀಳುತ್ತದೆ. ಒಂದೇ ವಸ್ತುವಿಗೆ ಎರಡು ಹೆಸರಿರುವುದನ್ನು ತೊಟ್ಟಿಲಿನಿಂದಲೇ ಬಲ್ಲವರಿಗೆ ಒಂದೇ ಘಟನೆಗೆ ಎರಡು ವಿವರಣೆ ಇರಬಹುದೆಂಬುದು ಸೋಜಿಗವಲ್ಲ. 1947ರಲ್ಲಿ ತೆಲುಗು, ತಮಿಳಿನಲ್ಲಿ ಶುರುವಾಗಿ ಬೇಗನೆ ಕನ್ನಡಕ್ಕೂ ಬಂದ ‘ಚಂದಮಾಮ’ದ ಬೇತಾಳ ಕಥೆಗಳನ್ನೇ ನೋಡಿ. ರಾಜನ ಹೆಗಲ ಮೇಲೆ ಬೇತಾಳ ಹೊಕ್ಕ ಹೆಣ, ಸುತ್ತ ಸ್ಮಶಾನ, ನಡುರಾತ್ರಿ. ಆದರೂ ಕಥೆ ಮುಗಿಯುವುದು ಒಂದು ಪ್ರಶ್ನೆಯಲ್ಲಿ. ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ರಾಜನ ತಲೆ ಹೋಳಾಗುತ್ತದೆ. ಹನ್ನೊಂದನೆಯ ಶತಮಾನದ ‘ಕಥಾಸರಿತ್ಸಾಗರ’ದಲ್ಲೂ ಇರುವ ಈ ಕಟ್ಟು ಹೇಳುವುದಿಷ್ಟೆ: ಭಯದ ನಡುವೆಯೂ ಯೋಚಿಸುವುದನ್ನು ನಿಲ್ಲಿಸಬಾರದು, ನಿಲ್ಲಿಸಿದರೆ ಅದೇ ಅಪಾಯ. ಬಾಗಿಲ ಮೇಲೆ ಸುಣ್ಣದಲ್ಲೋ ಸೀಮೆಸುಣ್ಣದಲ್ಲೋ ಬರೆಯುತ್ತಿದ್ದ ‘ನಾಳೆ ಬಾ’ ಕೂಡ ಇದೇ ಬಗೆಯದು. ತೆಲುಗಿನಲ್ಲಿ ಅದು ‘ಓ ಸ್ತ್ರೀ ರೇಪು ರಾ’. ರಾತ್ರಿ ಬಾಗಿಲು ತಟ್ಟುವ ದೆವ್ವ ಅದನ್ನು ಓದಿ ಹಿಂದಿರುಗಬೇಕು, ಮರುದಿನ ಬಂದಾಗಲೂ ಅದನ್ನೇ ಓದಬೇಕು. ಎರಡು ಪದಗಳ ಈ ಬರಹ ದೆವ್ವವನ್ನು ಕೊಲ್ಲುವುದಿಲ್ಲ, ಮುಂದೂಡುತ್ತದೆ. ವಾರವಾರ ಮಗುವಿನ ಸಾವನ್ನು ಮುಂದಿನ ಸಂಚಿಕೆಗೆ ತಳ್ಳುತ್ತ ಹೋದ ಧಾರಾವಾಹಿಯ ತಂತ್ರವೂ ಅದೇ. ಹಾಗೆ ಸಿಕ್ಕ ಬಿಡುವಿನಲ್ಲಿ ಓದುಗರು ಮಾತಾಡಿಕೊಳ್ಳಬಹುದು, ವಾದಿಸಬಹುದು, ಅನುಮಾನಿಸಬಹುದು.

ಈ ವಾದಕ್ಕೆ ಬರುವ ಮೊದಲ ಆಕ್ಷೇಪ ಗಂಭೀರವಾದದ್ದು. ಇಂಥ ಕಾದಂಬರಿಗಳು ಮೂಢನಂಬಿಕೆಗೆ ನೀರೆರೆಯುತ್ತವೆ, ಗಾಳಿ ಸೋಕಿದೆ, ಮಾಟ ಮಾಡಿಸಿದ್ದಾರೆ ಎಂಬ ಮಾತಿಗೆ ಬಲ ಕೊಡುತ್ತವೆ, ಕಡೆಗೆ ಏಟು ತಿನ್ನುವವರು ಒಂಟಿ ಹೆಂಗಸರು, ಬಡವರು ಎನ್ನುತ್ತಾರೆ. ಈ ಕಾಳಜಿ ನಿಜವಾದದ್ದು. ಅವಿಭಜಿತ ಕೋಲಾರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡ ಮತ್ತು ಮೂಢನಂಬಿಕೆಗಳ ಪರಿಶೀಲನೆಗೆ ಸಮಿತಿ ರಚಿಸಿದ್ದು ಇದೇ ಕಾಳಜಿಯಿಂದ. ಕರ್ನಾಟಕದ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆ ಕಾಯ್ದೆ 2017ರಲ್ಲಿ ಅಂಗೀಕಾರವಾಗಿ 2020ರಲ್ಲಿ ಜಾರಿಗೆ ಬಂದದ್ದೂ ಇದರಿಂದಲೇ. ಆದರೆ ಸಮಿತಿ ಕೇಳಿದ್ದು ಏನನ್ನು? ತೋರಿಸಿ, ಪರೀಕ್ಷಿಸೋಣ ಎಂದು. ‘ತುಳಸಿದಳ’ದ ವೈದ್ಯರು ಕೇಳುವುದೂ ಅದನ್ನೇ. ಮಾಟವನ್ನು ಪ್ರಶ್ನಾತೀತ ಸತ್ಯವೆಂದು ಸಾರುವ ಪುಸ್ತಕ ಬೇರೆ, ಅದನ್ನು ಪಾಟೀಸವಾಲಿಗೆ ನಿಲ್ಲಿಸುವ ಪುಸ್ತಕ ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಅಪಾಯ ಎಲ್ಲಿದೆ ಎಂಬುದನ್ನು ಹತ್ತಿರದ ದುರಂತವೊಂದು ತೋರಿಸಿಕೊಟ್ಟಿದೆ. 2021ರ ಜನವರಿಯಲ್ಲಿ, ಶ್ರೀನಿವಾಸಪುರದಿಂದ ಗಡಿ ದಾಟಿದರೆ ಸಿಗುವ ಮದನಪಲ್ಲಿಯಲ್ಲಿ, ಇಬ್ಬರು ಹೆಣ್ಣುಮಕ್ಕಳು ಹೆತ್ತವರ ಮನೆಯಲ್ಲೇ ಜೀವ ಕಳೆದುಕೊಂಡರು. ಸತ್ತವರು ಮತ್ತೆ ಎದ್ದು ಬರುತ್ತಾರೆಂಬ ನಂಬಿಕೆ ಆ ಸಾವುಗಳ ಹಿಂದಿತ್ತೆಂದು ವರದಿಯಾಯಿತು. ಹೆತ್ತವರು ಉನ್ನತ ಶಿಕ್ಷಣ ಪಡೆದು ಪಾಠ ಹೇಳುತ್ತಿದ್ದವರು. ಅಲ್ಲಿ ಕೊರತೆಯಾದದ್ದು ತಿಳಿವಳಿಕೆಯಲ್ಲ, ಸಂಶಯ. ಪದವಿ ಪಡೆದ ಮನಸ್ಸೂ ಒಂದೇ ವಿವರಣೆಗೆ ಅಂಟಿಕೊಂಡು ಉಳಿದೆಲ್ಲ ಬಾಗಿಲುಗಳನ್ನು ಹಾಕಿಕೊಳ್ಳಬಲ್ಲದು. ಎರಡು ವಿವರಣೆಗಳನ್ನು ಎದುರುಬದುರಾಗಿ ಕೂರಿಸುವ ಕಥೆ ಈ ಕಾಯಿಲೆಗೆ ಪೂರ್ತಿ ಮದ್ದಾಗದಿರಬಹುದು. ಆದರೆ ರೋಗದ ಪಾಳಯದಲ್ಲಿ ನಿಲ್ಲುವಂಥದ್ದಂತೂ ಅಲ್ಲ. ಭಯದ ಕಥೆ ಓದುವವರು ಇದು ಕಥೆಯೆಂದು ತಿಳಿದೇ ಪುಟ ತಿರುಗಿಸುತ್ತಾರೆ. ಆ ತಿಳಿವು ಕೊನೆಯವರೆಗೂ ಅವರ ಕೈಬಿಡುವುದಿಲ್ಲ. ಕಪಟ ಬಾಬಾಗಳ ಕೋಣೆಯಲ್ಲಿ ಮೊದಲು ಕಸಿದುಕೊಳ್ಳುವುದು ಆ ತಿಳಿವನ್ನೇ.

ಎರಡನೆಯ ಆಕ್ಷೇಪ ಸಾಹಿತ್ಯವಲಯದ್ದು. ಜಿಲ್ಲೆಯ ಹೆಸರೆತ್ತಿದರೆ ಮಾಲೂರು ತಾಲ್ಲೂಕಿನ ಮಾಸ್ತಿ, ಮುಳಬಾಗಿಲಿನ ಡಿ.ವಿ.ಜಿ. ನೆನಪಾಗುತ್ತಾರೆ, ಅಂಥ ಪರಂಪರೆಯ ಪಕ್ಕದಲ್ಲಿ ರೋಚಕ ಧಾರಾವಾಹಿಗೇನು ಜಾಗ ಎಂಬ ಪ್ರಶ್ನೆ. ಮಾಸ್ತಿಯವರ ಸಂಯಮದ ಗದ್ಯಕ್ಕೂ ಯಂಡಮೂರಿಯವರ ಓಟದ ಗದ್ಯಕ್ಕೂ ಹೋಲಿಕೆ ಇಲ್ಲ, ಒಪ್ಪಿಕೊಳ್ಳೋಣ. ವಾರದ ಗಡುವಿಗೆ ಬರೆದ ಧಾರಾವಾಹಿಯಲ್ಲಿ ತಿರುವುಗಳು ಅತಿಯಾಗುತ್ತವೆ, ಪಾತ್ರಗಳು ತೆಳುವಾಗುತ್ತವೆ ಎಂಬುದೂ ದಿಟ. ಆದರೆ ಭಯ ಎಂಬ ವಸ್ತುವೇ ಕೀಳು ಎನ್ನಲಾಗದು. ಮಾಸ್ತಿಯವರ 1983ರ ಸಾಲಿನ ಜ್ಞಾನಪೀಠಕ್ಕೆ ಕಾರಣವಾದ ‘ಚಿಕವೀರ ರಾಜೇಂದ್ರ’ದಲ್ಲಿ ಅರಮನೆಯ ಕ್ರೌರ್ಯ ಕೂಸಿನ ಕೊಲೆಯವರೆಗೂ ಹೋಗುತ್ತದೆ. ಅಲ್ಲಿ ಮಾಂತ್ರಿಕನ ಹಂಗಿಲ್ಲದೆಯೇ ಮೈ ನಡುಗುತ್ತದೆ. ದೊಡ್ಡವರ ದುರಾಸೆಗೆ ಎಳೆಯ ಜೀವ ಬಲಿಯಾಗುವ ದುಗುಡವನ್ನು ಮಾಸ್ತಿ ಇತಿಹಾಸದ ಹಾದಿಯಲ್ಲಿ ಮುಟ್ಟಿದರು, ಯಂಡಮೂರಿ ಜನಪ್ರಿಯ ಕಥನದ ಹಾದಿಯಲ್ಲಿ. ಹಾದಿಗಳ ಎತ್ತರ ಬೇರೆ, ಊರು ಒಂದೇ. ಇನ್ನೊಂದು ಮಾತು. ಬಸ್ ನಿಲ್ದಾಣದ ಅಂಗಡಿಯಲ್ಲೋ ಬಾಡಿಗೆ ಲೈಬ್ರರಿಯಲ್ಲೋ ಕೈಗೆ ಬಂದ ಇಂಥ ಪುಸ್ತಕಗಳೇ ಎಷ್ಟೋ ಜನರನ್ನು ದಪ್ಪ ಪುಸ್ತಕವೊಂದನ್ನು ಮೊದಲ ಸಲ ಕೊನೆಯವರೆಗೆ ಓದುವಂತೆ ಮಾಡಿದವು. ಓದುವ ಗೀಳು ಹತ್ತಿಸಿದ ಬರಹವನ್ನು ಭಾಷೆಯ ಲೆಕ್ಕದಿಂದ ಹೊರಗಿಟ್ಟರೆ ಆ ಲೆಕ್ಕ ಪೂರ್ತಿಯಾಗುವುದಿಲ್ಲ.

ಇನ್ನು ಕಥೆ ಎರವಲು ಎಂಬ ಟೀಕೆ. 1971ರಲ್ಲಿ ವಿಲಿಯಂ ಪೀಟರ್ ಬ್ಲಾಟಿ ಬರೆದ ‘ದಿ ಎಕ್ಸಾರ್ಸಿಸ್ಟ್’, 1973ರಲ್ಲಿ ಅದರ ಸಿನಿಮಾ ಜಗತ್ತನ್ನೇ ನಡುಗಿಸಿದ್ದವು. ಅಲ್ಲೂ ಒಬ್ಬ ಹುಡುಗಿ, ಅಲ್ಲೂ ಕೈಚೆಲ್ಲುವ ವೈದ್ಯರು. ಹೋಲಿಕೆಯನ್ನು ಮುಚ್ಚಿಡಬೇಕಾಗಿಲ್ಲ. ಆದರೆ ವ್ಯತ್ಯಾಸ ಅದಕ್ಕಿಂತ ದೊಡ್ಡದು. ಅಲ್ಲಿ ಹುಡುಗಿಯ ಮೈಹೊಕ್ಕದ್ದು ಪಿಶಾಚಿ, ಬಿಡಿಸಬೇಕಾದವರು ಪಾದ್ರಿಗಳು, ಹೋರಾಟ ನಡೆಯುವುದು ದೇವರಿಗೂ ಪಿಶಾಚಿಗೂ ನಡುವೆ. ಇಲ್ಲಿ ಹೋರಾಟ ಮನುಷ್ಯರ ನಡುವೆ, ಆಸ್ತಿಗಾಗಿ, ಹಗೆಗಾಗಿ. ‘ಮಾಡಿಸಿದವರು ಯಾರು?’ ಎಂಬುದು ನಮ್ಮ ಹಳ್ಳಿಗಳ ಮಾಟದ ಮಾತಿನಲ್ಲಿ ಯಾವತ್ತೂ ಮೊದಲು ಬರುವ ಪ್ರಶ್ನೆ. ದಾಯಾದಿ ಜಗಳ, ಬದುವಿನ ತಕರಾರು, ಮುರಿದ ಸಂಬಂಧ ಇವೆಲ್ಲ ಆ ಪ್ರಶ್ನೆಯ ಹಿಂದೆ ಅಡಗಿರುತ್ತವೆ. ಯಂಡಮೂರಿ ಹೊರಗಿನಿಂದ ತಂದದ್ದು ಕಥೆಯ ಅಚ್ಚನ್ನು, ಅದಕ್ಕೆ ತುಂಬಿದ್ದು ಈ ನೆಲದ ಮಣ್ಣನ್ನು. ಗಡಿಸೀಮೆಯ ಓದುಗರು ಇದನ್ನು ಪರಕೀಯವೆಂದು ಬದಿಗಿಡದೆ ತಮ್ಮದೇ ಎಂದು ಓದಲು ಕಾರಣವೂ ಅದೇ.

ಮುಂದೆ ಯಂಡಮೂರಿ ಭಯಾನಕ ಕಥೆಗಳಿಗೆ ಕಟ್ಟುಬೀಳಲಿಲ್ಲ. ‘ಅಭಿಲಾಷ’ದಲ್ಲಿ ಮರಣದಂಡನೆಯ ಪ್ರಶ್ನೆಯನ್ನು ಎತ್ತಿಕೊಂಡರು. ಅದು 1983ರಲ್ಲಿ ತೆಲುಗು ಸಿನಿಮಾವೂ ಆಯಿತು. ಅವರ ‘ವೆನ್ನೆಲ್ಲೋ ಆಡಪಿಲ್ಲ’ 1995ರಲ್ಲಿ ಸುನೀಲ್‌ಕುಮಾರ್ ದೇಸಾಯಿಯವರ ‘ಬೆಳದಿಂಗಳ ಬಾಲೆ’ಯಾಗಿ ಕನ್ನಡಿಗರ ಮನಸ್ಸಿನಲ್ಲಿ ಉಳಿಯಿತು. ಆಮೇಲೆ ‘ವಿಜಯಾನಿಕಿ ಐದು ಮೆಟ್ಲು’ವಿನಂಥ ವ್ಯಕ್ತಿತ್ವ ವಿಕಸನದ ಪುಸ್ತಕಗಳತ್ತ ಹೊರಳಿದರು. ಮಾಟದ ಕಥೆ ಬರೆದವರು ಧೈರ್ಯದ ಪಾಠ ಹೇಳುವುದು ಮೇಲ್ನೋಟಕ್ಕೆ ವಿಚಿತ್ರವೆನಿಸಬಹುದು. ಆಳದಲ್ಲಿ ಎರಡೂ ಒಂದೇ ಕೆಲಸ. ಮನುಷ್ಯನ ಮನಸ್ಸು ಯಾವುದಕ್ಕೆ ಬೆದರುತ್ತದೆ, ಆ ಹೆದರಿಕೆಯನ್ನು ಯಾರು ಬಂಡವಾಳ ಮಾಡಿಕೊಳ್ಳುತ್ತಾರೆ ಎಂಬುದನ್ನು ಬಿಡಿಸಿ ನೋಡಿದವರಿಗೆ ಮುಂದಿನ ಹೆಜ್ಜೆ ಆ ಹೆದರಿಕೆಯಿಂದ ಹೊರಬರುವ ಮಾತೇ ಆಗಿರುತ್ತದೆ.

ಹಾಗೆಂದು ಭಯಾನಕ ಕಥೆಗಳೆಲ್ಲ ಒಳ್ಳೆಯವೆಂದು ಇಲ್ಲಿ ವಾದಿಸುತ್ತಿಲ್ಲ. ಸಂಶಯಕ್ಕೆ ಜಾಗ ಬಿಡದೆ, ವಿಧವೆಯನ್ನೋ ಕುರೂಪಿಯನ್ನೋ ದೆವ್ವವಾಗಿಸಿ, ಮಂತ್ರವಾದಿಯನ್ನು ನಾಯಕನಾಗಿಸುವ ಕಥೆಗಳು ಪುಸ್ತಕದಲ್ಲೂ ಕಿರುತೆರೆಯಲ್ಲೂ ಬೇಕಾದಷ್ಟಿವೆ. ಅವು ಭಯವನ್ನು ತೋರಿಸುವುದಿಲ್ಲ, ಹಂಚುತ್ತವೆ. ಎರಡನ್ನೂ ಬೇರ್ಪಡಿಸಲು ಕೇಳಬೇಕಾದ ಪ್ರಶ್ನೆ ಒಂದೇ: ಪುಸ್ತಕ ಮುಚ್ಚಿದ ಮೇಲೆ ಓದುಗರ ಕೈಯಲ್ಲಿ ಪ್ರಶ್ನೆ ಉಳಿಯಿತೇ, ತಾಯತ ಉಳಿಯಿತೇ? ಕೋಲಾರ ಸೀಮೆಯ ಸಾಂಸ್ಕೃತಿಕ ಚರಿತ್ರೆ ಬರೆಯುವವರು ಮಾಸ್ತಿ, ಡಿ.ವಿ.ಜಿ.ಯವರ ಜೊತೆಗೆ ನರಸಿಂಹಯ್ಯನವರ ಸಮಿತಿಯನ್ನೂ ವೇಮಗಲ್ ಜಗನ್ನಾಥರಾವ್ ಅವರ ಸಿನಿಮಾವನ್ನೂ ಒಂದೇ ಅಧ್ಯಾಯದಲ್ಲಿ ಇಡಬೇಕು. ಒಬ್ಬರು ಭಯವನ್ನು ಪ್ರಯೋಗಶಾಲೆಗೆ ಕರೆದರು, ಇನ್ನೊಬ್ಬರು ತೆರೆಯ ಮೇಲೆ ಕೂರಿಸಿದರು. ಇಬ್ಬರೂ ನಮಗೆ ಅದನ್ನು ಬೆಳಕಿನಲ್ಲಿ ನೋಡುವ ಅವಕಾಶ ಮಾಡಿಕೊಟ್ಟರು. ಕೋಲಾರಮ್ಮನ ಎದುರಿನ ಕನ್ನಡಿಯಲ್ಲಿ ಅಮ್ಮನ ಬಿಂಬದ ಜೊತೆಗೆ ನೋಡುವವರ ಮುಖವೂ ಮೂಡಬಹುದು. ‘ತುಳಸಿದಳ’ದ ಕೊನೆಯ ಪುಟದಲ್ಲಿ ಕಾದ್ರನಿಗಿಂತ ಸ್ಪಷ್ಟವಾಗಿ ಕಾಣುವುದೂ ಮನುಷ್ಯರ ಮುಖವೇ.