ಬಾಗಿಲು ಮುಚ್ಚದ ನೆಲಮನೆ

ಅಣುಬಾಂಬಿನಿಂದ ಜನರನ್ನು ಕಾಪಾಡಲೆಂದು ಕಟ್ಟಿದ ನೆಲಮನೆ ಅದು. ಅದರ ಬಾಗಿಲು ಮಾತ್ರ ಪೂರ್ತಿ ಮುಚ್ಚುತ್ತಿರಲಿಲ್ಲ. ಕೆಟ್ಟಿದ್ದರಿಂದಲ್ಲ, ಮುಚ್ಚಬಾರದೆಂದೇ ಹಾಗೆ ಕಟ್ಟಿದ್ದರು. ವಿಕಿರಣ ಒಳಗೆ ಸೋರಿದರೆ ಮನುಷ್ಯರು ಏನಾಗುತ್ತಾರೆ ಎಂದು ನೋಡುವ ಪ್ರಯೋಗವದು.

'ಫಾಲ್‌ಔಟ್' ಎಂಬ ವಿಡಿಯೊ ಗೇಮ್ ಸರಣಿಯ ಕಥೆಯಲ್ಲಿ 2077ರ ಅಕ್ಟೋಬರ್ 23ರಂದು ಅಣುಯುದ್ಧ ನಡೆದು ಜಗತ್ತು ಸುಟ್ಟುಹೋಗುತ್ತದೆ. ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್ ಊರಿನಡಿಯ ಈ 12ನೇ ನೆಲಮನೆ ಹೊಕ್ಕವರ ಕೂದಲು ಉದುರಿತು, ಚರ್ಮ ಸುಲಿಯಿತು, ದನಿ ಒಡೆಯಿತು. ಆದರೆ ಜೀವ ಹೋಗಲಿಲ್ಲ. ಇಂಥವರಲ್ಲಿ ಕೆಲವರು ಇನ್ನೂರು ವರ್ಷ ದಾಟಿಯೂ ಬದುಕಿರುತ್ತಾರೆ. ಇನ್ನು ಕೆಲವರು ಮಿದುಳು ಕೊಳೆತು, ಕಂಡವರ ಮೇಲೆ ಎರಗುತ್ತಾರೆ. ಇವರಿಗೆ ಬಿದ್ದ ಹೆಸರು 'ಘೂಲ್'. ಅರಬ್ಬರ ಹಳೆಯ ಕಥೆಗಳಲ್ಲಿ ಘೂಲ್ ಎಂದರೆ ಮರಳುಗಾಡಿನಲ್ಲಿ ದಾರಿಹೋಕರನ್ನು ಕಾಡುವ ಪಿಶಾಚಿ.

1997ರ ಮೊದಲ ಗೇಮಿನಲ್ಲಿ ಆಟಗಾರನ ನೆಲಮನೆಯ ನೀರು ಶುದ್ಧಿ ಮಾಡುವ ಚಿಪ್ ಕೆಟ್ಟಿರುತ್ತದೆ. 150 ದಿನಗಳೊಳಗೆ ಬೇರೊಂದು ತರಬೇಕು. ಅದು ಸಿಗುವುದು ಘೂಲ್‌ಗಳ ಊರಿನಡಿಯಲ್ಲೇ. ಅವರ ನೀರಿನ ಪಂಪನ್ನು ದುರಸ್ತಿ ಮಾಡಿಕೊಡದೆ ಚಿಪ್ ಕಿತ್ತು ತಂದರೆ, ಅಲ್ಲಿನವರು ಬಾಯಾರಿ ಸಾಯುತ್ತಾರೆ. ಗೇಮ್ ಅದನ್ನು ತಡೆಯುವುದಿಲ್ಲ. ನನ್ನ ಮಟ್ಟಿಗೆ ಇಡೀ ಸರಣಿಯ ಹೃದಯ ಇಲ್ಲಿದೆ: ಮುಖ ಕೊಳೆತವನ ಬಾಯಾರಿಕೆಯೂ ಬಾಯಾರಿಕೆಯೇ ಎಂದು ಆಟಗಾರ ತಾನೇ ಕಂಡುಕೊಳ್ಳಬೇಕು. 2015ರ ನಾಲ್ಕನೇ ಗೇಮಿನಲ್ಲಿ ಘೂಲ್‌ಗಳನ್ನು ಹೊರಹಾಕುವ ಮಾತು ಕೊಟ್ಟವನೊಬ್ಬ ಡೈಮಂಡ್ ಸಿಟಿ ಎಂಬ ಊರಿನ ಮೇಯರ್ ಆಗಿ ಗೆದ್ದಿರುತ್ತಾನೆ.

ನಿಜದಲ್ಲಿ ವಿಕಿರಣ ಹೀಗೆ ಮಾಡುತ್ತದೆಯೇ? ಇಲ್ಲ. ಅದು ಜೀವಕೋಶದೊಳಗಿನ ಡಿಎನ್‌ಎ ಎಳೆಗಳನ್ನು ತುಂಡರಿಸುತ್ತದೆ. ಬೇಗ ಬೇಗ ಒಡೆದು ಬೆಳೆಯುವ ಕೋಶಗಳಿಗೆ ಮೊದಲ ಪೆಟ್ಟು: ಮೂಳೆಯ ಮಜ್ಜೆ, ಕರುಳಿನ ಒಳಪದರ, ಕೂದಲ ಬುಡ. ಕೂದಲು ಉದುರುವುದು ಗೇಮಿನಲ್ಲಿರುವಂತೆಯೇ ನಿಜ. ಇಡೀ ಮೈಗೆ ಒಮ್ಮೆಲೇ 4ರಿಂದ 5 ಗ್ರೇ (ಮೈ ಹೀರಿದ ವಿಕಿರಣದ ಅಳತೆ) ವಿಕಿರಣ ತಗುಲಿ, ಚಿಕಿತ್ಸೆ ಸಿಗದಿದ್ದರೆ ಸುಮಾರು ಅರ್ಧದಷ್ಟು ಜನ ಎರಡು ತಿಂಗಳೊಳಗೆ ಸಾಯುತ್ತಾರೆ. ಉಳಿದವರ ಆಯುಷ್ಯ ಹೆಚ್ಚುವುದಿಲ್ಲ, ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ. ಎಕ್ಸ್-ಕಿರಣಗಳು ವಂಶವಾಹಿಗಳನ್ನು ಬದಲಿಸುತ್ತವೆ ಎಂದು ವಿಜ್ಞಾನಿ ಹರ್ಮನ್ ಮುಲ್ಲರ್ 1927ರಲ್ಲಿ ಹಣ್ಣಿನ ನೊಣಗಳಲ್ಲಿ ತೋರಿಸಿದರು. ಆ ಬದಲಾವಣೆ ಕಾಣುವುದು ಮುಂದಿನ ಪೀಳಿಗೆಯಲ್ಲಿ; ಬೆಳೆದ ಮನುಷ್ಯ ಇದ್ದಕ್ಕಿದ್ದಂತೆ ಬೇರೊಂದು ಪ್ರಾಣಿಯಾಗುವುದಿಲ್ಲ.

ಅಣುಬಾಂಬು ಬಿದ್ದ ಹಿರೋಶಿಮಾ, ನಾಗಸಾಕಿಗಳಲ್ಲಿ ಬದುಕುಳಿದವರಿಗೆ ಆಮೇಲೆ ಹುಟ್ಟಿದ ಸುಮಾರು 77,000 ಮಕ್ಕಳನ್ನು ವಿಜ್ಞಾನಿಗಳು ದಶಕಗಳ ಕಾಲ ಗಮನಿಸಿದ್ದಾರೆ. ಹೆತ್ತವರಿಗೆ ತಗುಲಿದ ವಿಕಿರಣದಿಂದಲೇ ಬಂದದ್ದು ಎಂದು ಖಚಿತವಾಗಿ ಹೇಳಬಹುದಾದ ವಂಶಪಾರಂಪರ್ಯ ದೋಷ ಅವರಲ್ಲಿ ಕಂಡಿಲ್ಲ. ಬಾಂಬು ಬಿದ್ದಾಗ ತಾಯಿಯ ಹೊಟ್ಟೆಯಲ್ಲಿದ್ದ ಕೂಸುಗಳ ಮಾತು ಬೇರೆ. ಅವರಲ್ಲಿ ಕೆಲವರು ಸಣ್ಣ ತಲೆ, ಬೆಳೆಯದ ಬುದ್ಧಿಯೊಡನೆ ಹುಟ್ಟಿದರು.

ಆದರೆ ಗೇಮಿನ ಇನ್ನೊಂದು ಭಾಗ, ಘೂಲ್‌ಗಳನ್ನು ದೂರವಿಡುವುದು, ಬರೀ ಕಲ್ಪನೆಯಲ್ಲ. ಅಣುಬಾಂಬಿನಿಂದ ಬದುಕುಳಿದವರನ್ನು ಜಪಾನಿನಲ್ಲಿ 'ಹಿಬಾಕುಶಾ' ಎನ್ನುತ್ತಾರೆ. ಅವರಿಂದ ರೋಗ ಅಂಟುತ್ತದೆ, ಅವರ ಮನೆಯ ಹೆಣ್ಣು ತಂದರೆ ಅಂಗವಿಕಲ ಮಕ್ಕಳು ಹುಟ್ಟುತ್ತಾರೆ ಎಂಬ ಹೆದರಿಕೆ ಹರಡಿತ್ತು. ಮದುವೆಗಳು ಮುರಿದವು, ಕೆಲಸ ಸಿಗಲಿಲ್ಲ. ತಾವು ಆ ದಿನ ಎಲ್ಲಿದ್ದೆವು ಎಂಬುದನ್ನು ಸ್ವಂತ ಮಕ್ಕಳಿಂದಲೂ ಮುಚ್ಚಿಟ್ಟವರಿದ್ದರು. ಅವರ ಮೈಯಲ್ಲಿ ಪಿಶಾಚಿ ಇರಲಿಲ್ಲ. ಪಿಶಾಚಿಯನ್ನು ಕಂಡದ್ದು ನೋಡಿದವರ ಕಣ್ಣು.

1956ರಲ್ಲಿ ಈ ಜನರೇ ಸೇರಿ 'ನಿಹೊನ್ ಹಿಡಾಂಕ್ಯೊ' ಎಂಬ ಸಂಘ ಕಟ್ಟಿಕೊಂಡರು. ಅಣ್ವಸ್ತ್ರಗಳು ಇನ್ನೆಂದೂ ಬಳಕೆಯಾಗಬಾರದೆಂದು ಸಾಕ್ಷಿ ಹೇಳುತ್ತ ಬಂದ ಆ ಸಂಘಕ್ಕೆ 2024ರ ನೊಬೆಲ್ ಶಾಂತಿ ಪ್ರಶಸ್ತಿ ಸಂದಿತು.