ತಳ ಸೇರದ ಕೆಸರು

ಮಳೆಗಾಲದಲ್ಲಿ ಬಂಟ್ವಾಳದ ಬಳಿ ನೇತ್ರಾವತಿಯ ಕೆನ್ನೀರನ್ನು ಗಾಜಿನ ಲೋಟದಲ್ಲಿ ತುಂಬಿ ಅಲುಗದಂತೆ ಇಟ್ಟರೆ, ಮಣ್ಣು ಮೆಲ್ಲಮೆಲ್ಲನೆ ತಳ ಸೇರಿ ಮೇಲೆ ತಿಳಿನೀರು ನಿಲ್ಲುವುದು. ಊರಿನ ಕೊಳಚೆನೀರನ್ನು ಶುದ್ಧಿಗೊಳಿಸುವ ಘಟಕಗಳಲ್ಲಿ ಅನೇಕವು ಕಟ್ಟಕಡೆಗೆ ನೆಚ್ಚಿರುವುದು ಈ ಸರಳ ಕ್ರಿಯೆಯನ್ನೇ. ಆದರೆ ಅಲ್ಲಿ ತಳ ಸೇರಬೇಕಾದುದು ಬರಿಯ ಮಣ್ಣಲ್ಲ. ಕೋಟ್ಯನುಕೋಟಿ ಸೂಕ್ಷ್ಮಜೀವಿಗಳ ಒಂದು ಸಮಾಜ. ಆ ಸಮಾಜದ ಸಮತೋಲ ಕೆಟ್ಟಾಗ ಕೆಸರು ಅರಳೆಯಂತೆ ಉಬ್ಬಿ, ತಳಕ್ಕಿಳಿಯದೆ ನಿಲ್ಲುತ್ತದೆ. ಇದನ್ನು ‘ಕೆಸರುಬ್ಬರ’ ಎಂದು ಕರೆಯೋಣ.

ಇದು ನಮಗೆ ದೂರದ ವಿಷಯವಲ್ಲ. ಬೆಳ್ತಂಗಡಿ ತಾಲ್ಲೂಕಿನಿಂದ ಇಳಿದುಬರುವ ನೇತ್ರಾವತಿಯು ಬಂಟ್ವಾಳವನ್ನು ದಾಟಿ ತುಂಬೆಯನ್ನು ತಲಪುತ್ತದೆ. ಅಲ್ಲಿಯ ಕಿಂಡಿ ಅಣೆಕಟ್ಟಿನಿಂದಲೇ ಮಂಗಳೂರು ನಗರಕ್ಕೆ ಕುಡಿಯುವ ನೀರು ಹೋಗುವುದು. ಮೂಡುಬಿದಿರೆಯ ನೆರೆಯ ವೇಣೂರಿನ ಬಳಿ ಹರಿಯುವ ಫಲ್ಗುಣಿಯೂ ಮಂಗಳೂರಿನ ಅಳಿವೆಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಮೇಲಿನ ಊರು ಬಿಟ್ಟ ನೀರು ಕೆಳಗಿನ ಊರಿನ ಪಾಲು.

ಕೆಸರಿಗೆ ಜೀವ ಬಂದ ಬಗೆ

1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬವರು ಕೊಳಚೆನೀರಿನೊಳಗೆ ಗಾಳಿಯನ್ನು ಊದಿ, ಬಳಿಕ ತಿಳಿಯನ್ನು ಬಸಿದು, ತಳದ ಕೆಸರನ್ನು ಮಾತ್ರ ಉಳಿಸಿಕೊಂಡರು. ಅದರ ಮೇಲೆ ಹೊಸ ಕೊಳಚೆಯನ್ನು ಸುರಿದು ಮತ್ತೆ ಗಾಳಿಯೂದಿದರು. ಹೀಗೆ ಮಾಡುತ್ತ ಹೋದಂತೆ, ಮೊದಲು ಸುಮಾರು ಐದು ವಾರ ಹಿಡಿದಿದ್ದ ಶುದ್ಧೀಕರಣವು ಒಂದೇ ದಿನದೊಳಗೆ ಮುಗಿಯತೊಡಗಿತು. ಕೆಸರಿನಲ್ಲಿ ಬ್ಯಾಕ್ಟೀರಿಯಗಳು ನೆಲೆಸಿ ಬೆಳೆದುದೇ ಇದಕ್ಕೆ ಕಾರಣ. ಈ ‘ಸಕ್ರಿಯ ಕೆಸರಿ’ನ ಪ್ರಯೋಗಕ್ಕೆ ಪ್ರೇರಕರಾದ ಗಿಲ್ಬರ್ಟ್ ಫೌಲರ್ ಅವರು 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ಅದೇ ಸಂಸ್ಥೆಯಲ್ಲಿ ಪಿಳ್ಳೈ ಮತ್ತು ಸುಬ್ರಹ್ಮಣ್ಯನ್ ಅವರು, ನೀರು ತಿಳಿಯಾಗುವುದರಲ್ಲಿ ಬ್ಯಾಕ್ಟೀರಿಯಗಳಷ್ಟೇ ಅಲ್ಲ, ಪ್ರೊಟೊಜೋವಗಳೆಂಬ ಏಕಕೋಶ ಜೀವಿಗಳ ಪಾತ್ರವೂ ದೊಡ್ಡದೆಂದು 1942ರಲ್ಲಿ ಪ್ರಕಟಿಸಿದರು.

ಹಂದರವೂ ಬಳ್ಳಿಯೂ

ಸಕ್ರಿಯ ಕೆಸರಿನ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಂದುಬಣ್ಣದ ಉಂಡೆಗಳು ಕಾಣುವುವು. ಕೆಲವು ಬ್ಯಾಕ್ಟೀರಿಯಗಳು ಸ್ರವಿಸುವ ಲೋಳೆ ಇವನ್ನು ಒಟ್ಟುಗೂಡಿಸುತ್ತದೆ. ಉಂಡೆಯ ಒಳಗೆ ಎಳೆಯಾಕಾರದ ಬೇರೆ ಬ್ಯಾಕ್ಟೀರಿಯಗಳಿರುತ್ತವೆ. ಎಳೆಗಳನ್ನು ಶತ್ರುಗಳೆಂದು ಬಗೆಯಬಾರದು. ಬಳ್ಳಿಗೆ ಹಂದರವಿದ್ದಂತೆ ಇವು ಉಂಡೆಗೆ ಆಧಾರ. ಇವು ತೀರ ಕಡಿಮೆಯಾದರೆ ಉಂಡೆ ಪುಡಿಯಾಗಿ ನೀರು ಕದಡುತ್ತದೆ. ಮಿತಿಮೀರಿದರೆ ಎಳೆಗಳು ಹೊರಚಾಚಿ, ಉಂಡೆಯನ್ನು ಉಂಡೆಗೆ ತಾಗಗೊಡದೆ, ನಡುವೆ ನೀರನ್ನು ಹಿಡಿದಿಡುತ್ತವೆ. ಇದೇ ಉಬ್ಬರ.

ಇದನ್ನು ಅಳೆಯುವುದು ಸುಲಭ. ಒಂದು ಲೀಟರ್ ಮಿಶ್ರಣವನ್ನು ಅಳತೆಯ ಜಾಡಿಯಲ್ಲಿ 30 ನಿಮಿಷ ಬಿಡಬೇಕು. ಅದರಲ್ಲಿ 3 ಗ್ರಾಂ ಒಣಕೆಸರಿದ್ದು 300 ಮಿಲಿಲೀಟರಿಗೆ ಇಳಿದರೆ, ಒಂದು ಗ್ರಾಮಿಗೆ 100 ಮಿಲಿಲೀಟರ್. ಇದು ಆರೋಗ್ಯದ ಗುರುತು. 750ರಲ್ಲೇ ನಿಂತರೆ ಸೂಚ್ಯಂಕ 250. ಸಾಮಾನ್ಯವಾಗಿ 150ನ್ನು ಮೀರಿದರೆ ಉಬ್ಬರವೆನ್ನುವರು.

ಎಳೆಗಳು ಏಕೆ ಗೆಲ್ಲುತ್ತವೆ?

ಕೊರತೆಯ ಕಾಲದಲ್ಲಿ ಎಳೆಗಳಿಗೆ ಮೇಲುಗೈ. ಗಾಳಿ ಸಾಲದಾದಾಗ ಉಂಡೆಯೊಳಗಿನ ಜೀವಿಗಳು ಉಸಿರುಗಟ್ಟುತ್ತವೆ. ಹೊರಚಾಚಿದ ಎಳೆಗಳು ಮಾತ್ರ ಅಳಿದುಳಿದ ಆಮ್ಲಜನಕವನ್ನು ಹೀರುತ್ತವೆ. ಆಹಾರ ತೀರ ವಿರಳವಾದಾಗಲೂ ಹೀಗೆಯೇ. ಕೊಳಚೆ ಹಳಸಿ ಗಂಧಕದ ಸಂಯುಕ್ತಗಳು ಹುಟ್ಟಿದರೆ ಥಯೊತ್ರಿಕ್ಸ್ ಮುಂತಾದವು ಹೆಚ್ಚುತ್ತವೆ. ಇನ್ನೊಂದು ಕಾರಣ ನಮ್ಮ ಊಟದ ಗಂಜಿಯಿಂದಲೇ ತಿಳಿಯುವುದು. ಗಂಜಿನೀರಿನಲ್ಲಿ ಪಿಷ್ಟ ಹೇರಳ. ಸಾರಜನಕ, ರಂಜಕಗಳು ಅಲ್ಪ. ಇಂತಹ ನೀರೇ ಹೆಚ್ಚಾಗಿ ಬಂದರೆ ಉಂಡೆ ಕಟ್ಟುವ ಜೀವಿಗಳ ಬೆಳವಣಿಗೆ ಕುಗ್ಗಿ ಎಳೆಗಳಿಗೆ ಎಡೆ ದೊರೆಯುತ್ತದೆ.

ನಷ್ಟವೂ ಪರಿಹಾರವೂ

ಉಬ್ಬರದ ಮೊದಲಲ್ಲಿ ಮೇಲಿನ ನೀರು ಎಂದಿಗಿಂತ ತಿಳಿಯಾಗಿಯೇ ಕಾಣಬಹುದು, ಏಕೆಂದರೆ ಎಳೆಗಳ ಬಲೆ ಸಣ್ಣ ಕಣಗಳನ್ನು ಸೋಸುತ್ತದೆ. ಇದನ್ನು ಕಂಡು ಮೋಸಹೋಗಬಾರದು. ಕೆಸರಿನ ಮಟ್ಟ ಏರುತ್ತ ಬಂದು ಅಂಚನ್ನು ದಾಟಿದೊಡನೆ ಜೀವಿಗಳೆಲ್ಲ ಹೊರನೀರಿನೊಡನೆ ಹೊಳೆಗೆ ಹೋಗುತ್ತವೆ. ಅಮೋನಿಯವನ್ನು ನೈಟ್ರೇಟಾಗಿಸುವ ಬ್ಯಾಕ್ಟೀರಿಯಗಳು ಬಹು ನಿಧಾನವಾಗಿ ಬೆಳೆಯುವಂಥವು. ಒಮ್ಮೆ ಕೊಚ್ಚಿಹೋದರೆ ಆ ನಷ್ಟ ಬೇಗನೆ ತುಂಬದು. ಅಲ್ಲಿಯವರೆಗೆ ಅಮೋನಿಯವೂ ಹೊಳೆಯ ಪಾಲೇ.

ಮರಳಿಬರುವ ಕೆಸರಿಗೆ ಕ್ಲೋರಿನ್ ಬೆರೆಸಿದರೆ ಹೊರಚಾಚಿದ ಎಳೆಗಳು ಮೊದಲು ಸಾಯುತ್ತವೆ. ಆದರೆ ಪ್ರಮಾಣ ಮೀರಿದರೆ ಉಪಕಾರಿ ಜೀವಿಗಳೂ ಅಳಿಯುವುವು. ಮೂಲಕಾರಣ ಉಳಿದಿದ್ದರೆ ಎಳೆಗಳು ಮತ್ತೆ ಬೆಳೆಯುವುವು. 1970ರ ದಶಕದಲ್ಲಿ ಪ್ರಾಗ್ ನಗರದ ಚುಡೊಬ ಮತ್ತು ಸಂಗಡಿಗರು ಇನ್ನೊಂದು ಹಾದಿ ತೋರಿದರು. ಹೊಸ ಕೊಳಚೆಯೂ ಮರಳಿದ ಕೆಸರೂ ಮೊದಲು ಒಂದು ಸಣ್ಣ ತೊಟ್ಟಿಯಲ್ಲಿ ಕೂಡುವಂತೆ ಮಾಡಿದರೆ, ಆಹಾರ ದಟ್ಟವಾಗಿರುವ ಅಲ್ಲಿ ಉಂಡೆ ಕಟ್ಟುವ ಜೀವಿಗಳು ಅದನ್ನು ಬೇಗ ಹೀರಿಕೊಂಡು ಮುಂದಾಗುತ್ತವೆ.

ಆದುದರಿಂದ ಕೆಸರು ಉಬ್ಬಿದಾಗ ನಾವು ಮೊದಲು ಕೇಳಬೇಕಾದುದು, ‘ಎಳೆಗಳನ್ನು ಕೊಲ್ಲುವುದು ಹೇಗೆ?’ ಎಂದಲ್ಲ, ‘ಇಲ್ಲಿ ಯಾವುದರ ಕೊರತೆಯಾಗಿದೆ?’ ಎಂದು. ಗಾಳಿಯೋ, ಆಹಾರವೋ, ಸಾರಜನಕವೋ ಎಂಬುದನ್ನು ಅರಿತು ಆ ಕೊರತೆಯನ್ನು ನೀಗಿಸಿದರೆ ಕೆಸರು ತಾನಾಗಿ ತಳ ಸೇರುವುದು. ತುಂಬೆಯತ್ತ ಸಾಗುವ ಹೊಳೆಯೂ ಅಷ್ಟರಮಟ್ಟಿಗೆ ನಿರ್ಮಲವಾಗಿ ಉಳಿಯುವುದು.